ಎರಡು ಬೆರಳು ಬಟ್ಟೆ

ಹಳೆಯ ಟ್ರಂಕಿನ ಮುಚ್ಚಳ ತೆಗೆದಾಗ ಬರುವ ವಾಸನೆ ನಿಮಗೂ ಗೊತ್ತಿರುತ್ತದೆ. ಒಣಗಿದ ಬೇವಿನ ಸೊಪ್ಪು, ನುಸಿಗುಳಿಗೆ, ಅವೆರಡರ ಅಡಿಯಲ್ಲಿ ಎಲ್ಲೋ ಒಂದಿಷ್ಟು ಹಳೆಯ ಬೆವರು. ಮೊನ್ನೆ ನನ್ನ ಹೆಂಡತಿ ಆ ವಾಸನೆಯ ಸಮೇತ ನನ್ನ ಹಳೆಯ ಕೋಟನ್ನು ತಂದು ಮಂಚದ ಮೇಲೆ ಹಾಕಿ, "ನಾಳೆ ಹರಿಹರದ ಮದುವಿಗೆ ಇದನ್ನ ಹಾಕ್ಕಂಡು ಬರ್ರಿ" ಎಂದಳು. ನಾನು ಮದುವೆಗೇ ಬರುವುದಿಲ್ಲ ಎಂದೆ.

ಕಾರಣವಿತ್ತು. ಹಿಂದಿನ ವಾರ ನಮ್ಮ ನಿವೃತ್ತ ಮೇಷ್ಟ್ರುಗಳ ಸಭೆಯಲ್ಲಿ ವಂದನಾರ್ಪಣೆಗೆ ನಿಂತವನು ಅಧ್ಯಕ್ಷರ ಹೆಸರನ್ನೇ ಮರೆತುಬಿಟ್ಟೆ. ಅವರೇನು ಎಲ್ಲಿಂದಲೋ ಬಂದವರಲ್ಲ, ಮೂವತ್ತು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಚಹಾ ಕುಡಿದವರು. ಕೊನೆಗೆ "ನಮ್ಮ ಮಾನ್ಯರಿಗೆ" ಎಂದು ತೇಲಿಸಿ ಕೂತೆ. ಸಭೆ ನಕ್ಕಿತು, ಅವರೂ ನಕ್ಕರು. ನಾನೊಬ್ಬ ನಗಲಿಲ್ಲ. ಅಂದಿನಿಂದ ಸಂಜೆಯ ತಿರುಗಾಟ ಬಿಟ್ಟೆ, ಚಹಾಕ್ಕೆ ಸಕ್ಕರೆ ಬಿಟ್ಟೆ, ಭಾನುವಾರದ ಬೆಣ್ಣೆ ದೋಸೆಯನ್ನೂ ಬಿಟ್ಟೆ. ಆ ಸಭೆಯವರೆಲ್ಲ ಮದುವೆಗೆ ಬರುವವರೇ.

"ತಪ್ಪು ಮಾಡಿದ್ದು ನಾಲಿಗಿ. ಶಿಕ್ಷೆ ಹೊಟ್ಟಿಗ್ಯಾಕ?" ಎಂದಳು ಹೆಂಡತಿ. ಅವಳು ಹೈಸ್ಕೂಲು ಮುಟ್ಟಿದವಳಲ್ಲ. ನಾನು ಪದವೀಧರ.

ಕೋಟನ್ನು ಸುಮ್ಮನೆ ತಿರುವಿ ಹಾಕಿದೆ. ಬಗಲ ಕೆಳಗಿನ ಹೊಲಿಗೆಯ ಒಳಗೆ ಒಂದು ಪಟ್ಟಿ ಬಟ್ಟೆ ಇನ್ನೂ ಕೊಂಡ ದಿನದ ಕಪ್ಪಿನಲ್ಲೇ ಇತ್ತು. ಹೊರಗಿನದೆಲ್ಲ ಬಿಸಿಲು ತಿಂದು ಬೂದಿಯ ಬಣ್ಣಕ್ಕೆ ಬಂದಿದೆ. ಆ ಪಟ್ಟಿಯನ್ನು ನೋಡುತ್ತ ಅಲ್ಲೇ ಮಂಚದ ಮೇಲೆ ಕೂತುಬಿಟ್ಟೆ.

ನಮ್ಮ ಮನೆ ಇದ್ದದ್ದು ನಿಟ್ಟುವಳ್ಳಿಯಲ್ಲಿ. ಐವತ್ತರ ದಶಕದಲ್ಲಿ ಅದು ದಾವಣಗೆರೆಯಲ್ಲ, ದಾವಣಗೆರೆಯ ಪಕ್ಕದ ಹಳ್ಳಿ. ಊರಿಗೆ ಹೋಗಿ ಬರ್ತೀನಿ ಎಂದು ಹೇಳಿಯೇ ಪೇಟೆಗೆ ಹೋಗುತ್ತಿದ್ದೆವು. ಅಪ್ಪ ಹತ್ತಿ ಮಿಲ್ಲಿನಲ್ಲಿ ಹಮಾಲಿ. ಸಂಜೆ ಬರುವಾಗ ತಲೆ, ಹುಬ್ಬು, ಮೀಸೆಗೆಲ್ಲ ಹತ್ತಿಯ ಎಳೆ ಅಂಟಿಕೊಂಡು ಎಂಬತ್ತರ ಮುದುಕನಂತೆ ಕಾಣುತ್ತಿದ್ದ; ಹಂಡೆಯ ನೀರು ಸುರಿದುಕೊಂಡರೆ ಮತ್ತೆ ನಲವತ್ತಕ್ಕೆ ಇಳಿಯುತ್ತಿದ್ದ. ಅವ್ವ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದಳು. ರೊಟ್ಟಿ ಬಡಿಯುವುದೂ ಅಪ್ಪನೇ. ಆ ರೊಟ್ಟಿಗಳ ಗಟ್ಟಿತನದ ಬಗ್ಗೆ ನಾನು ಏನೂ ಹೇಳುವುದಿಲ್ಲ. ನನ್ನ ಹಲ್ಲು ಇವತ್ತಿಗೂ ಚೆನ್ನಾಗಿವೆ, ಅಷ್ಟು ಸಾಕು.

ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲನೆಯವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಬಿ.ಎ. ಮುಗಿಸಲು ಪಟ್ಟ ಪಾಡು ನನಗೆ ಗೊತ್ತು. ಆ ಕಾಲಕ್ಕೆ ಪದವಿ ಬಂತೆಂದರೆ ಪೇಟೆಯ ಸ್ಟುಡಿಯೋದಲ್ಲಿ ಕೋಟು ಹಾಕಿ, ಕೈಯಲ್ಲಿ ಸುರುಳಿ ಸುತ್ತಿದ ಕಾಗದ ಹಿಡಿದು, ಹೂದಾನಿಯ ಪಕ್ಕ ನಿಂತು ಫೋಟೋ ತೆಗೆಸುವುದು ಪದ್ಧತಿ. ಮೇಲೆ ಹಾಕುವ ಗೌನನ್ನು ಸ್ಟುಡಿಯೋದವರೇ ಕೊಡುತ್ತಿದ್ದರು. ಕೋಟು ಮಾತ್ರ ಅವರವರದೇ ಆಗಬೇಕು. ಇಲ್ಲಿ ನಾವು ಅಪ್ಪ ಮಗ ಒಂದು ತಪ್ಪು ಮಾಡಿದೆವು. ಪರೀಕ್ಷೆ ಬರೆದ ಮರುವಾರವೇ, ಫಲಿತಾಂಶ ಬರುವ ಮೊದಲೇ, ಕೋಟು ಹೊಲಿಯಲು ಕೊಟ್ಟೆವು. ಅಪ್ಪನಂತೂ ಗೋಡೆಗೆ ಫೋಟೋದ ಮೊಳೆಯನ್ನೂ ಹೊಡೆದುಬಿಟ್ಟ.

ದರ್ಜಿ ಬುಡೇನ್‌ಸಾಬರ ಅಂಗಡಿ ನಿಟ್ಟುವಳ್ಳಿಯಿಂದ ಪೇಟೆಗೆ ಹೋಗುವ ದಾರಿಯಲ್ಲಿತ್ತು. ಹೇಳಿದ ದಿನಕ್ಕೆ ಹೊಲಿದು ಕೊಡುವ ದರ್ಜಿಯನ್ನು ನೀವು ನೋಡಿದ್ದೀರಾ? ಬುಡೇನ್‌ಸಾಬರು ಅಂಥವರು, ಅದೇ ಅವರ ಹೆಮ್ಮೆ. ಅವರದು ಇನ್ನೊಂದು ಪದ್ಧತಿಯೂ ಇತ್ತು. ಯಾರಿಗೇ ಏನೇ ಹೊಲಿಯಲಿ, ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತಿದ್ದರು. ಬೆಳೆಯುವ ಹುಡುಗರಿಗೆ ಎಲ್ಲ ದರ್ಜಿಗಳೂ ಬಿಡುತ್ತಾರೆ, ಇವರು ಅರವತ್ತರ ಮುದುಕರಿಗೂ ಬಿಡುತ್ತಿದ್ದರು.

ಅಳತೆ ತೆಗೆಯುವಾಗ ನಾನು ಎದೆ ಸೆಟೆಸಿ ನಿಂತು, "ಸಾಬ್ರೇ, ನಾನೇನು ಇನ್ನು ಬೆಳೆಯಾದಿಲ್ಲ. ಒಳಗೆ ಬಟ್ಟೆ ಬಿಡಬ್ಯಾಡ್ರಿ. ನಮ್ಮ ಪ್ರೊಫೆಸರ ಕೋಟಿನಂಗೆ ಮೈಗೆ ಹತ್ತಿರಬೇಕು" ಎಂದೆ.

ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು ಅಪ್ಪನ ಕಡೆ ತಿರುಗಿ, "ನಿನ್ನ ಮಗ ಭಾಳ ಓದ್ಯಾನೆ ಬಿಡು, ಬಸಪ್ಪಣ್ಣ. ಬೆಳೆಯಾದು ಮುಗೀತಂತೆ!" ಎಂದರು. ಇಬ್ಬರೂ ನಕ್ಕರು. ನಾನು ಎದೆಯನ್ನು ಇನ್ನಷ್ಟು ಸೆಟೆಸಿದೆ.

ಫಲಿತಾಂಶ ಬಂತು. ಪತ್ರಿಕೆಯಲ್ಲಿ ನನ್ನ ನಂಬರಿನ ಹಿಂದಿನದಿತ್ತು, ಮುಂದಿನದಿತ್ತು, ನನ್ನದಿರಲಿಲ್ಲ. ಇಂಗ್ಲಿಷಿನಲ್ಲಿ ಹೋಗಿತ್ತು. ಮನೆಗೆ ಬಂದು ಅಪ್ಪನಿಗೆ, "ಕೆಲವು ನಂಬರು ತಡೆಹಿಡಿದಾರಂತೆ, ನಮ್ಮದು ಇನ್ನೂ ಬಂದಿಲ್ಲ" ಎಂದೆ. ಅಪ್ಪ ನನ್ನ ಮುಖ ನೋಡಿ, "ಹಂಗಾ? ಬರ್ಲಿ ಬಿಡು" ಎಂದ. ಓದು ಬಾರದವನಿಗೆ ಏನು ತಿಳಿದೀತು ಎಂದುಕೊಂಡೆ. ಅಷ್ಟು ಪುಸ್ತಕ ಓದಿ ನಾನು ಕಲಿತ ಬುದ್ಧಿ ಅದು.

ಮರುದಿನವೇ ರೈಲು ಹತ್ತಿ ಹರಿಹರಕ್ಕೆ, ಅಪ್ಪನ ಅಕ್ಕ ಗಂಗವ್ವತ್ತೆಯ ಮನೆಗೆ ಓಡಿದೆ. ನಂಬರು ಬರುವವರೆಗೆ ನೌಕರಿಯ ಪರೀಕ್ಷೆಗೆ ಓದಿಕೊಳ್ಳಲು ಅಲ್ಲಿ ಪ್ರಶಾಂತವಾಗಿರುತ್ತದೆ ಎಂದು ನೆಪ. ನಿಜವಾಗಿ ನಾನು ಪುಸ್ತಕ ಮುಟ್ಟಲಿಲ್ಲ. ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆ ಕಟ್ಟಬಹುದಿತ್ತು. ಕಟ್ಟುವುದಿಲ್ಲ, ಇಲ್ಲೇ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿಬಿಡುತ್ತೇನೆ ಎಂದು ಒಳಗೇ ತೀರ್ಮಾನಿಸಿದ್ದೆ. ಜೊತೆಗೆ ನನಗೆ ನಾನೇ ಶಿಕ್ಷೆಯನ್ನೂ ವಿಧಿಸಿಕೊಂಡೆ. ಬೆಳಿಗ್ಗೆ ತುಂಗಭದ್ರೆಯ ತಣ್ಣೀರಲ್ಲಿ ಸ್ನಾನ. ಬರಿ ನೆಲದ ಮೇಲೆ ಮಲಗುವುದು. ಊಟಕ್ಕೆ ಒಣ ರೊಟ್ಟಿ, ಖಾರದ ಪುಡಿ. ಅತ್ತೆ ರೊಟ್ಟಿಗೆ ಬೆಣ್ಣೆ ಹಾಕಿದರೆ ಎದ್ದು ಹೋಗಿ ಬಾಗಿಲ ಬಳಿಯ ನಾಯಿಗೆ ಹಾಕಿ ಬರುತ್ತಿದ್ದೆ.

ಫೇಲಾದದ್ದನ್ನು ನಾನು ಹೇಳದಿದ್ದರೂ ಅತ್ತೆ ನಾಲ್ಕು ದಿನ ನೋಡಿ ಊಹಿಸಿದಳು. ಐದನೆಯ ದಿನ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಳು.

"ಏನಲೇ, ಆ ನಾಯಿ ಯಾವ ಪರೀಕ್ಷೆ ಪಾಸು ಮಾಡೈತಿ?"

"ಯಾವ್ದೂ ಇಲ್ಲ, ಅತ್ತಿ."

"ಮತ್ತೆ ಅದಕ್ಯಾಕ ಬೆಣ್ಣಿ?"

"ಹಸಿದಿರ್ತೈತೆ, ಪಾಪ."

"ನೀನೂ ಹಸಿದೀ. ಆ ಪಾಪ ಅನ್ನಾದು ನಿನಗೂ ಒಂದು ಚೂರು ಅನ್ಕ. ಕೂತ್ಕ, ತಿನ್ನು."

ಕೂತೆ, ತಿಂದೆ. ಆದರೆ ಅತ್ತೆ ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಗದ್ದುಗೆಯ ದರ್ಶನಕ್ಕೆ ಹೋದ ದಿನ ಮತ್ತೆ ನಾಯಿಗೇ ಹಾಕಿದೆ. ಹಟ ಎಂದರೆ ನಮ್ಮ ಮನೆತನದ ಆಸ್ತಿ; ಹೊಲ ಗದ್ದೆ ಇಲ್ಲದವರಿಗೆ ಏನಾದರೊಂದು ಇರಬೇಕಲ್ಲ.

ಭಾನುವಾರ ಭಾನುವಾರ ಅಪ್ಪ ರೈಲಿನಲ್ಲಿ ಬರುತ್ತಿದ್ದ, ಪಂಚೆಯ ತುದಿಯಲ್ಲಿ ಬಿಸಿ ಆರಿದ ಮಂಡಕ್ಕಿ ಕಟ್ಟಿಕೊಂಡು. ಫಲಿತಾಂಶದ ಮಾತು ಎತ್ತುತ್ತಿರಲಿಲ್ಲ. ಕೂತ ಕೂಡಲೇ ಬುಡೇನ್‌ಸಾಬರನ್ನು ಬೈಯಲು ಶುರು ಮಾಡುತ್ತಿದ್ದ.

"ಆ ಸಾಬ ಇನ್ನೂ ಕೋಟು ಕೊಟ್ಟಿಲ್ಲ ನೋಡು. ಕೇಳಿದ್ರ ಬಟನ್ ಬಂದಿಲ್ಲ ಅಂತಾನೆ. ಬಟನ್ನೇನು ಬಿಲಾತಿಯಿಂದ ಬರಬೇಕಾ? ನಿನ್ನೆ ನಡುಬಜಾರದಾಗ ನಿಂತು ಉಗಿದೀನಿ. ನಿನಗ್ಯಾಕ ಬೇಕಪ್ಪ ಈ ಕಸುಬು, ಕತ್ತರಿ ಬಿಟ್ಟು ಕುರಿ ಕಾಯಿ ಅಂದೆ."

ಮೊದಲ ವಾರ ನನಗೆ ಹಗುರವೆನಿಸಿತು. ಕೋಟು ಆಗಿಲ್ಲವೆಂದರೆ ಫೋಟೋ ಇಲ್ಲ, ಫೋಟೋ ಯಾಕಿಲ್ಲ ಎಂದು ಯಾರೂ ನನ್ನನ್ನು ಕೇಳುವಂತಿಲ್ಲ. ಎರಡನೆಯ ವಾರ ಅನುಮಾನ ಬಂತು. ಹಬ್ಬದ ಹಿಂದಿನ ದಿನವೂ ತಡಮಾಡದ ಮನುಷ್ಯ ನಾಲ್ಕು ಬಟನ್ನಿಗೆ ವಾರಗಟ್ಟಲೆ ಕಾಯುತ್ತಾರೆಯೇ? ಅಂಗಡಿಗೆ ಪತ್ರಿಕೆ ಬರುತ್ತಿತ್ತು. ಅವರಿಗೆ ವಿಷಯ ಗೊತ್ತಾಗಿದೆ. ನನ್ನ ಸುಳ್ಳನ್ನು ಕಾಯುವುದಕ್ಕೆ ಅವರು ಅಪ್ಪನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದಾರೆ. ಮೂರನೆಯ ವಾರ ಅಪ್ಪ, "ಈಗ ನಿಟ್ಟುವಳ್ಳಿಯವರು ಅವನ ಅಂಗಡಿಗೆ ಹೋಗಾಕೆ ಹಿಂದು ಮುಂದು ನೋಡ್ತಾರೆ" ಎಂದಾಗ ನಾನು ಮಂಡಕ್ಕಿಯನ್ನು ಅತ್ತ ಸರಿಸಿದೆ.

ಮರುದಿನ ರೈಲು ಹತ್ತಿದೆ. ಅಪ್ಪ ಮಿಲ್ಲಿನಲ್ಲಿರುವ ಹೊತ್ತು ನೋಡಿಕೊಂಡು ಅಂಗಡಿಗೆ ಹೋದೆ. ಬುಡೇನ್‌ಸಾಬರು ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ಬಾ ತಮ್ಮಾ. ಸೊರಗೀದಿ. ಹರಿಹರದಾಗ ಗಂಗಕ್ಕ ಊಟಕ್ಕ ಹಾಕಲ್ಲೇನು?" ಎಂದರು.

"ಸಾಬ್ರೇ, ನಾನು ಫೇಲಾಗೀನಿ. ನನ್ನ ಸಲುವಾಗಿ ನೀವು ಅಪ್ಪನ ಮುಂದೆ ಸುಳ್ಳು ಹೇಳಬ್ಯಾಡ್ರಿ. ನಾನೇ ಹೇಳಿಬಿಡ್ತೀನಿ."

ಅವರು ಯಂತ್ರ ನಿಲ್ಲಿಸಿದರು. ಎದ್ದು ಒಳಗಿನ ಗೂಟದಿಂದ ಬಿಳಿ ಬಟ್ಟೆ ಸುತ್ತಿದ್ದೊಂದನ್ನು ತಂದು ಬಿಚ್ಚಿದರು. ಕೋಟು. ನಾಲ್ಕೂ ಬಟನ್ನು ಹೊಳೆಯುತ್ತಿದ್ದವು.

"ರಿಜಲ್ಟಿನ ಹಿಂದಿನ ದಿನಾನ ಮುಗಿದಿತ್ತು" ಎಂದರು. "ಪೇಪರ್ ಬಂದ ದಿನ ನಿಮ್ಮಪ್ಪ ಮಿಲ್ಲಿಂದ ಸೀದಾ ಇಲ್ಲಿಗೆ ಬಂದ, ಮೈಯೆಲ್ಲ ಹತ್ತಿ. ನಿನ್ನ ನಂಬರು ಒಂದು ಚೀಟ್ಯಾಗ ಬರೆಸಿಟ್ಕಂಡಿದ್ದ. ನೋಡಪ್ಪ ಬುಡೇನಣ್ಣ, ಐತೇನು ಅಂದ. ಮೂರು ಸಲ ನೋಡಿಸ್ದ. ಆಮ್ಯಾಲೆ ಈ ಸ್ಟೂಲಿನ ಮ್ಯಾಗೆ ಕುಂತು, ಕೋಟು ಆಗೈತೆ ಅಂತ ಯಾರಿಗೂ ಹೇಳಬ್ಯಾಡ, ಆಗೈತೆ ಅಂದ್ರ ಹುಡುಗ ಹಾಕ್ಕಬೇಕಾಗ್ತೈತೆ ಅಂದ."

ನಾನು ಅದೇ ಸ್ಟೂಲಿನ ಮೇಲೆ ಕೂತೆ.

"ಮತ್ತೆ ಬಜಾರದಾಗ ಉಗಿದಿದ್ದು?"

"ಅದಾ? ಓಣಿಯವರು ಕೇಳ್ತಾರಲ್ಲ, ಮಗಂದು ಫೋಟೋ ಯಾವಾಗ ಅಂತ. ಅದಕ್ಕ. ಮೊದಲನೇ ಸಲ ನಿಮ್ಮಪ್ಪಗ ಬೈಯಾಕೇ ಬರಲಿಲ್ಲ. ಜೋರಾಗಿ ಬೈಯಪ್ಪ, ಆಚೆ ಅಂಗಡಿಗೆ ಕೇಳಬೇಕು ಅಂತ ನಾನೇ ಹೇಳಿಕೊಟ್ಟೆ. ಈಗ ನೋಡು, ಚಟ ಹತ್ತೈತೆ. ಕುರಿ ಕಾಯಿ ಅಂದಿದ್ದು ಮಾತ್ರ ಜಾಸ್ತಿ ಆತು."

ಅವರು ನಗುತ್ತಿದ್ದರು. ಹೇಳಿದ ದಿನಕ್ಕೆ ಕೊಡುವ ದರ್ಜಿ ಎಂಬ ಹೆಸರನ್ನು ಇಪ್ಪತ್ತು ವರ್ಷ ಕೂತು ಗಳಿಸಿದ ಮನುಷ್ಯ, ಅದನ್ನು ನನಗಾಗಿ ಬಜಾರಿನಲ್ಲಿ ಹರಿಯಲು ಕೊಟ್ಟು ನಗುತ್ತಿದ್ದರು. ನಾನು ಅಕ್ಕಿ ಗಿರಣಿಯ ವಿಷಯ ಹೇಳಿದೆ. ಅವರು ಕೋಟನ್ನು ನನಗೆ ತೊಡಿಸಿದರು. ಕೋಟು ನನ್ನ ಮೇಲೆ ಜೋತಾಡಿತು. ಒಣ ರೊಟ್ಟಿಯ ವ್ರತದ ಫಲ.

ತೆಗೆದು, ಒಳಹೊಲಿಗೆ ತಿರುವಿ ತೋರಿಸಿದರು. ಎರಡು ಬೆರಳು ಬಟ್ಟೆ.

"ಬಿಡಬ್ಯಾಡ ಅಂದಿದ್ದೆ ನೀನು. ಬಿಟ್ಟೀನಿ. ನಾನು ಹೊಲಿಯಾ ಬಟ್ಟೀಗೇ ಇಷ್ಟು ಬಿಡ್ತೀನಿ. ನೀನು ನಿನ್ನನ್ನ ಹಿಂಗ ಬಿಗಿಯಾಗಿ ಹೊಲ್ಕಂಡ್ರ ಹೆಂಗೋ ತಮ್ಮಾ? ಒಂದು ಕೆಮ್ಮು ಬಂದ್ರ ಹರೀತೈತೆ. ಹೋಗು, ಫಾರಂ ತುಂಬು. ಬಟನ್ ಬರಾದು ಇನ್ನೂ ತಡ ಆಗ್ತೈತೆ ಅಂತ ನಿಮ್ಮಪ್ಪಗ ಹೇಳ್ತೀನಿ."

ಅಂದು ಅಲ್ಲಿಂದ ಮನೆಗೆ ಹೋದೆ. ಬೀಗದ ಕೈ ಇಡುವ ಜಾಗ ನನಗೆ ಗೊತ್ತಿತ್ತು. ಗೋಡೆಯ ಮೊಳೆ ಖಾಲಿ ಇರಲಿಲ್ಲ. ಅಪ್ಪ ಅದಕ್ಕೆ ತನ್ನ ಟವೆಲು ತೂಗುಹಾಕಿದ್ದ, ಮೊಳೆ ಹೊಡೆದದ್ದೇ ಟವೆಲಿಗಾಗಿ ಎನ್ನುವ ಹಾಗೆ. ಆ ಟವೆಲನ್ನು ಅಲ್ಲೇ ಬಿಟ್ಟು ಬೀಗ ಹಾಕಿದೆ. ಆಮೇಲೆ ಕಾಲೇಜಿಗೆ ಹೋಗಿ ಫಾರಂ ತಂದೆ.

ಹರಿಹರದಲ್ಲಿ ಓದಿದೆ. ರೊಟ್ಟಿಗೆ ಬೆಣ್ಣೆ ಹಾಕಿಸಿಕೊಂಡೆ. ಅರ್ಧ ನನಗೆ, ಅರ್ಧ ನಾಯಿಗೆ. ಇಷ್ಟು ದಿನದ ರೂಢಿಯನ್ನು ಅದಕ್ಕೆ ಒಮ್ಮೆಲೇ ತಪ್ಪಿಸುವುದು ಸರಿಯಲ್ಲ. ನಂಬರು ಈ ಸಲ ಪತ್ರಿಕೆಯಲ್ಲಿತ್ತು. ಅಪ್ಪನಿಗೆ, "ತಡೆಹಿಡಿದದ್ದು ಬಿಟ್ಟರು" ಎಂದೆ. ಅಪ್ಪ, "ನಾನು ಹೇಳಿರಲಿಲ್ಲೇನು, ಬರ್ತೈತೆ ಅಂತ" ಎಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕೋಟು ತರಲು ಜೊತೆಯಾಗಿ ಹೋದೆವು. ಅಂಗಡಿ ಇನ್ನೂ ಹತ್ತು ಮಾರು ದೂರವಿರುವಾಗಲೇ ಅಪ್ಪ ದನಿ ಎತ್ತಿದ: "ಅಂತೂ ಬಂದ್ವೇನಪ್ಪ ನಿನ್ನ ಬಟನ್ನು?" ಬುಡೇನ್‌ಸಾಬರು ಎರಡೂ ಕೈ ಜೋಡಿಸಿ, ಓಣಿಗೆಲ್ಲ ಕೇಳುವಂತೆ, "ತಪ್ಪಾತು, ಬಸಪ್ಪಣ್ಣ! ಕೋಟು ಯಾವತ್ತೋ ಆಗಿರಾದು, ತಪ್ಪೆಲ್ಲ ನಂದು!" ಎಂದರು. ನಾನು ನೆಲ ನೋಡುತ್ತ ನಿಂತೆ. ನನಗೆ ಗೊತ್ತಿದೆ ಎಂಬುದು ಅಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ. ತಿಳಿದಿದ್ದರೂ ಅವನು ಹೇಳುವವನಲ್ಲ.

ಫೋಟೋ ದಿನ ಬುಡೇನ್‌ಸಾಬರೂ ಸ್ಟುಡಿಯೋಗೆ ಬಂದು, ಜೋತಾಡುವ ಕೋಟನ್ನು ಹಿಂದಿನಿಂದ ಹಿಡಿದು ಸಾಲಾಗಿ ಗುಂಡುಪಿನ್ನು ಚುಚ್ಚಿದರು. ಫೋಟೋದಲ್ಲಿ ನಾನು ಬಹಳ ಗಂಭೀರವಾಗಿದ್ದೇನೆ. ವಿದ್ವತ್ತು ಎಂದು ನೋಡಿದವರು ಹೇಳುತ್ತಾರೆ. ಅಲುಗಿದರೆ ಬೆನ್ನಿಗೆ ಪಿನ್ನು ಚುಚ್ಚುತ್ತಿತ್ತು, ಅಷ್ಟೇ.

ಮುಂದೆ ನಾನು ಮೇಷ್ಟ್ರಾದೆ. ಮಕ್ಕಳ ಉತ್ತರಪತ್ರಿಕೆಗಳಲ್ಲಿ ಎರಡು ಬೆರಳು ಬಿಟ್ಟೆನೇ ಎಂದು ನೀವು ಕೇಳಬಹುದು. ಸಾಧ್ಯವಾದಷ್ಟು ಬಿಟ್ಟೆ. ನಲವತ್ತು ದಾಟಿದ ಮೇಲೆ ಕೋಟಿನ ಒಳಗಿನ ಒಂದು ಬೆರಳನ್ನು ನಾನೇ ಬಳಸಿಕೊಂಡೆ. ಇನ್ನೊಂದು ಬೆರಳು ಮಾತ್ರ ಹಾಗೇ ಇತ್ತು, ನಾನು ಮರೆತೇಬಿಟ್ಟಿದ್ದೆ.

ಮೊನ್ನೆ ಸೂಜಿದಾರ ಕೇಳಿದೆ. ಹೆಂಡತಿ ಕನ್ನಡಕವನ್ನೂ ತಂದುಕೊಟ್ಟಳು. ಹಳೆಯ ಹೊಲಿಗೆಯನ್ನು ಒಂದೊಂದೇ ಬಿಚ್ಚಿ, ಆ ಕೊನೆಯ ಬೆರಳು ಬಟ್ಟೆಯನ್ನು ಹೊರಗೆ ತಂದು ಹೊಲಿದೆ. ತೊಟ್ಟು ನೋಡಿದರೆ ಬಟನ್ನು ಹಾಕಲು ಬಂತು, ಉಸಿರೂ ಆಡಿತು. ಆದರೆ ಬೂದಿ ಬಣ್ಣದ ಕೋಟಿನ ಎರಡೂ ಬದಿಗೆ, ಬಗಲಿಂದ ಸೊಂಟದವರೆಗೆ, ಒಂದೊಂದು ಕಡುಗಪ್ಪು ಪಟ್ಟಿ.

"ಅಯ್ಯ, ಎಲ್ಲಾರಿಗೂ ಕಾಣ್ತೈತಲ್ರೀ" ಎಂದಳು ಹೆಂಡತಿ.

"ಕಾಣ್ಲಿ ಬಿಡು" ಎಂದೆ. "ನಾಳೆ ಬೇಗ ಹೊರಡಾಣ. ದಾರ್ಯಾಗ ಮೊದ್ಲು ದೋಸೆ ತಿನ್ನಾಣ."