ಗಾಜಿನ ರೂಮಿನ ಹೊರಗಿನ ಬೆಂಚು

ನಮ್ಮದು ದಿಬ್ಬೂರಹಳ್ಳಿ ಹತ್ತಿರ ರೇಷ್ಮೆ ಹುಳ ಸಾಕುವ ಮನೆ. ಹುಳ ಇರುವಷ್ಟು ದಿನ ಹೊರಗಿನವರು ಯಾರೇ ಬರಲಿ, ಹೊಸ್ತಿಲಾಚೆ ನಿಂತು ಕೂಗಬೇಕು. ಸ್ವಂತ ಸೋದರಮಾವನೇ ಬಂದರೂ ಅಷ್ಟೆ. ಬಂದವರ ಕಾಲಿಗೆ ರೋಗ ಅಂಟಿಕೊಂಡು ಬಂದರೆ ಹುಳವೆಲ್ಲ ಸಾಯುತ್ತೆ ಅನ್ನುವ ಭಯ. ಒಳಗೆ ಕೆಲಸ ನಡೀತಿದ್ದರೆ ಕರೆಯುವವರೆಗೂ ಕಾಯಬೇಕು ಅನ್ನೋದು ನನ್ನ ಮೈಯಲ್ಲೇ ಕೂತುಬಿಟ್ಟಿತ್ತು.

ಎಂಎಸ್ಸಿಗೆ ಅಂತ ಇಂಗ್ಲೆಂಡಿಗೆ ಹೋದ ಮೇಲೂ ಅದು ಬಿಡಲಿಲ್ಲ. ನಾಲ್ಕು ಜನ ಸೇರಿ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಉಳಿದ ಮೂವರು ಅಲ್ಲಿಯವರೇ. ಲೈಬ್ರರಿಯ ಗಾಜಿನ ರೂಮಿನಲ್ಲಿ ಮೊದಲೇ ಬಂದು ಕೂತು ಅದೇನೋ ಜೋರಾಗಿ ವಾದ ಮಾಡ್ತಿರೋರು. ನಾನು ಹೊರಗಿನ ಬೆಂಚಿನ ಮೇಲೆ ಬ್ಯಾಗ್ ತಬ್ಬಿಕೊಂಡು ಕೂರುತ್ತಿದ್ದೆ. ಏಳುವುದು, ನೀರು ಕುಡಿಯುವುದು, ಮತ್ತೆ ಕೂರುವುದು. ಒಮ್ಮೆ ಕೆಂಪು ಕೂದಲಿನ ಹುಡುಗಿ ನನ್ನ ನೋಡಿ ನಕ್ಕಳು. ನಾನೂ ನಕ್ಕೆ. ಅವಳು ಮತ್ತೆ ಲ್ಯಾಪ್‌ಟಾಪ್ ಕಡೆ ತಿರುಗಿದಳು. ‘ಬಾ’ ಅನ್ನೋಕೆ ಇವರಿಗೇನು ಬಾಯಿ ಸವೆಯುತ್ತಾ ಅಂತ ಮೈಯೆಲ್ಲ ಉರಿದುಹೋಯಿತು.

ಕೊನೆಗೆ ಮೇಷ್ಟ್ರು ಕರೆಸಿದರು. ನಿನಗೆ ಅವರ ಜೊತೆ ಸೇರೋಕೆ ಇಷ್ಟವಿಲ್ಲವಂತೆ, ಮುಂದಿನ ಸಲವೂ ಹೀಗೇ ಆದರೆ ಗುಂಪಿನಿಂದ ತೆಗೆಯುತ್ತೇನೆ ಅಂದರು. ತೆಗೆದರೆ ಆ ಪೇಪರ್ ಹೋಯಿತು. ಪೇಪರ್ ಹೋದರೆ ಡಿಗ್ರಿಯೂ ಹೋದಂಗೆ. ರೂಮಿಗೆ ಬಂದು ಗೋಡೆಯಿಂದ ಗೋಡೆಗೆ ತಿರುಗಾಡಿದೆ. ಅನ್ನಕ್ಕಿಟ್ಟಿದ್ದು ಮರೆತು ತಳ ಹಿಡಿಯಿತು. ಅಮ್ಮನಿಗೆ ಫೋನ್ ಮಾಡಿ ಗೊಳೋ ಅಂತ ಅತ್ತೆ.

ಅಮ್ಮ ಹುಳಕ್ಕೆ ಸೊಪ್ಪು ಹಾಕ್ತಾ ಇದ್ದಳು. ಎಲ್ಲ ಕೇಳಿಸಿಕೊಂಡು, “ಅಲ್ಲ ಕಣೇ, ಅವರೇನು ಒಳಗೆ ಹುಳ ಸಾಕ್ತಿದಾರಾ?” ಅಂದಳು. ನನಗೆ ನಗು ಬರಲಿಲ್ಲ.

“ಕರೀಲಿ ಅಂತ ಕಾಯೋರು ಹೊರಗಿನೋರು ಕಣಮ್ಮ. ನಾನು ಹುಳದ ಮನೆಗೆ ಹೋಗೋವಾಗ ನನ್ನ ಯಾರಾದ್ರೂ ಕರೀತಾರಾ? ಕೆಲಸ ಇರೋರು ಕೈಕಾಲು ತೊಳ್ಕೊಂಡು ಹೋಗ್ತಾ ಇರ್ತಾರೆ,” ಅಂದಳು ಅಮ್ಮ.

ಅಲ್ಲಿ ಕೂತು ಹೇಳೋದು ಸುಲಭ, ಇಲ್ಲಿಗೆ ಬಂದು ನೋಡು ಅಂತ ರೇಗಿ ಫೋನ್ ಇಟ್ಟುಬಿಟ್ಟೆ.

ಮುಂದಿನ ಸಲ ಬೆಂಚಿನ ಹತ್ತಿರ ಬರ್ತಿದ್ದ ಹಾಗೆ ಕಾಲು ತಾವಾಗಿಯೇ ನಿಂತವು. ಬಾತ್‌ರೂಮಿಗೆ ಹೋಗಿ ಕೈ ತೊಳೆದುಕೊಂಡು ಬಂದೆ. ಒದ್ದೆ ಕೈಯಲ್ಲೇ ಬಾಗಿಲು ತಳ್ಳಿದೆ. ಮೂವರೂ ತಲೆಯೆತ್ತಿದರು.

ಕೆಂಪು ಕೂದಲಿನವಳು ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಕೋಟು ಎತ್ತಿಕೊಂಡಳು.

“ಪ್ರತಿ ಸಲ ಈ ಕುರ್ಚಿ ನಿನಗೆ ಅಂತಲೇ ಹಿಡಿದಿಡ್ತಿದ್ದೆ. ನೀನು ಬರಲೇ ಇಲ್ಲವಲ್ಲ,” ಅಂದಳು.