ಹನ್ನೆರಡನೇ ತಟ್ಟು

ಗಿರಿಜಕ್ಕ, ಬಸಣ್ಣನನ್ನು ಆ ಹಿಮದ ಇಳಿಜಾರಿಗೆ ಇಳಿಸಿದ್ದು ಅವರ ಅವಸರವಲ್ಲ, ನನ್ನ ಸುಳ್ಳು. ಮೂರು ವರ್ಷ ಡಾಲಸ್ ಪಕ್ಕದ ನಿಮ್ಮ ಫ್ರಿಸ್ಕೋ ಮನೆಯಲ್ಲಿ ನಿಮ್ಮ ಕೈಯ ರೊಟ್ಟಿ ತಿನ್ನುತ್ತಾ ಇದನ್ನೂ ನುಂಗಿಕೊಂಡು ಬಂದೆ. ಉಂಡ ಮನೆಗೆ ಎರಡು ಬಗೆದವನು ನಾನು— ಇನ್ನು ನನ್ನ ಕೈಲಾಗುವುದಿಲ್ಲ.

ನಿಮಗೆ ಗೊತ್ತಿರುವುದಿಷ್ಟು: ನಾನೂ ಬಸಣ್ಣನೂ ಡಾಲಸ್‌ನಿಂದ ಕೊಲರಾಡೋಗೆ ಡ್ರೈವ್ ಮಾಡಿಕೊಂಡು ಹೋದೆವು, ಲಿಫ್ಟ್ ಇಲ್ಲದ ಬೆಟ್ಟವನ್ನು ಸ್ಕೀ ಕಟ್ಟಿಕೊಂಡು ಹತ್ತಿದೆವು, ಅವರು ಮೊದಲು ಇಳಿದರು, ಹಿಮ ಕುಸಿಯಿತು. ಅದಕ್ಕೆ ಮುಂಚೆ ನಡೆದದ್ದು...

ನಮ್ಮಲ್ಲೊಂದು ಕರಾರಿತ್ತು. ಹಿಮವನ್ನು ಪರೀಕ್ಷಿಸುವವನು ನಾನು. ನಾನು ಬೇಡವೆಂದರೆ ಇಬ್ಬರೂ ವಾಪಸು. ಇಳಿಜಾರಿನ ಅಂಚಿನಲ್ಲಿ ಗುಂಡಿ ತೋಡಿ, ಹಿಮದಲ್ಲೇ ಒಂದು ಕಂಬ ಕತ್ತರಿಸಿ, ಅದರ ಮೇಲೆ ಸಲಿಕೆ ಇಟ್ಟು ಕೈಯಿಂದ ತಟ್ಟಿದೆ. ಹನ್ನೆರಡನೇ ತಟ್ಟಿಗೆ ಮೇಲಿನ ಪದರ ಇಡಿಯಾಗಿ ಜಾರಿ ನನ್ನ ಮಡಿಲಿಗೆ ಬಂತು. ಕೆಳಗೆಲ್ಲ ಸಕ್ಕರೆಯಂಥ ಸಡಿಲ ಹರಳು. ಮೇಲೆ ಭಾರ ಬಿದ್ದರೆ ಇಡೀ ಇಳಿಜಾರೇ ಕುಸಿಯಬಹುದು ಎಂಬ ಅದರ ಅರ್ಥ ನನಗೆ ಗೊತ್ತಿತ್ತು— ಅದಕ್ಕೆಂದೇ ಕೋರ್ಸ್ ಮಾಡಿದ್ದೆ.

ಆಮೇಲೆ ನಾನು ಮಾಡಿದ್ದು ಇದು. ಇನ್ನೊಂದು ಕಂಬ ಕತ್ತರಿಸಿದೆ. ಅದು ಮುರಿಯಲಿಲ್ಲ. ಸಾಫ್ಟ್‌ವೇರ್ ಟೆಸ್ಟ್ ಮಾಡುವುದು ನನ್ನ ಕೆಲಸ. ಒಂದು ಟೆಸ್ಟ್ ಫೇಲ್ ಆದರೆ ಇನ್ನೊಮ್ಮೆ ಓಡಿಸುತ್ತೇನೆ, ಪಾಸ್ ಆದರೆ ಮೊದಲಿನದನ್ನು ಮರೆತುಬಿಡುತ್ತೇನೆ. ಬೆಟ್ಟದ ಮೇಲೂ ಅದನ್ನೇ ಮಾಡಿದೆ. ಹಿಂದಿನ ವರ್ಷ ನಾನು ಬೇಡವೆಂದು ಎಲ್ಲರನ್ನೂ ವಾಪಸು ಕರೆತಂದಾಗ ಗೆಳೆಯರು ಪುಕ್ಕಲನೆಂದು ಆಡಿಕೊಂಡಿದ್ದರು. ಆ ನಗು ಕಿವಿಯಲ್ಲೇ ಇತ್ತು. ಥೂ— ಒಂದು ಜೀವದ ಮುಂದೆ ಅದು ಯಾವ ಲೆಕ್ಕ!

ಬಸಣ್ಣ ದೂರದಲ್ಲಿ ನಿಂತು ಕಾಯುತ್ತಿದ್ದರು. ಅವಸರ ಮಾಡಲಿಲ್ಲ ಅಕ್ಕ. ನಾನು ಗುಂಡಿಯಿಂದ ಮೇಲೆ ಬಂದಾಗ ಕೇಳಿದ್ದಿಷ್ಟೇ:

“ಹೆಂಗೈತೋ ತಮ್ಮಾ? ನೀ ಬ್ಯಾಡಂದ್ರ ಈಗ್ಲೇ ಹೊಳ್ಳಿ ಹೋಗೂಣು.”

“ಗಟ್ಟಿಯಾಗಿದೆ ಬಸಣ್ಣ. ಇಳೀಬಹುದು.”

“ನೀ ಹೇಳಿದ್ಮ್ಯಾಲ ಮುಗೀತು.”

ಅವರನ್ನು ಹಿಮದಡಿಯಿಂದ ತೋಡಿ ತೆಗೆದದ್ದೂ ಅದೇ ಸಲಿಕೆಯಿಂದ. ತಡವಾಗಿತ್ತು. ರಕ್ಷಣಾ ತಂಡದವರು ಕೇಳಿದಾಗ ಎರಡನೇ ಕಂಬದ ವಿಷಯ ಮಾತ್ರ ಹೇಳಿದೆ. ನೀವು ಕೇಳಿದಾಗ— ಅವರು ನನಗಾಗಿ ಕಾಯದೆ ಹೋಗಿಬಿಟ್ಟರು ಎಂದೆ.

ಕಳೆದ ಭಾನುವಾರ ಊಟಕ್ಕೆ ಕೂತಾಗ ನಿಮ್ಮ ಮಗಳು, “ಡ್ಯಾಡ್ ಕುಡಂಟ್ ಈವನ್ ವೇಟ್ ಫಾರ್ ಯೂ, ಅಂಕಲ್,” ಎಂದಳು. ಆ ಮಗುವಿನ ದನಿಯಲ್ಲಿ ಅಪ್ಪನ ಮೇಲೆ ಸಿಟ್ಟಿತ್ತು. “ಹೌದವ್ವಾ, ನಿಮ್ಮಪ್ಪಗ ತಾಳ್ಮೀನ ಇರಲಿಲ್ಲ,” ಎಂದಿರಿ ನೀವು. ನಾನು ಇನ್ನಷ್ಟು ಪಲ್ಯ ಹಾಕಿಸಿಕೊಂಡೆ.

ಮೊದಲ ಕಂಬದ ವಿವರ ಬರೆದುಕೊಂಡಿದ್ದ ಹಾಳೆಯನ್ನು ಹಿಮ ಕುಸಿದ ದಿನವೇ ನೋಟ್‌ಬುಕ್ಕಿನಿಂದ ಹರಿದಿದ್ದೆ, ಬಿಸಾಡಲು ಮಾತ್ರ ಆಗಿರಲಿಲ್ಲ. ಈ ಪತ್ರದ ಜೊತೆ ಇಟ್ಟಿದ್ದೇನೆ. ರಕ್ಷಣಾ ತಂಡಕ್ಕೂ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ನಿಮ್ಮ ಮಗಳಿಗೆ ಒಂದು ಮಾತು ಹೇಳಿ— ಬೇಡ, ನಾನೇ ಬರುತ್ತೇನೆ. ನೀವು ಒಳಗೆ ಬಿಡದಿದ್ದರೆ ಬಾಗಿಲಾಚೆ ನಿಂತೇ ಹೇಳುತ್ತೇನೆ: ನಿಮ್ಮಪ್ಪ ಕಾದಿದ್ದರು.