ಸದ್ಯಕ್ಕೆ ಸರಿ

ಸೋಮವಾರ ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ಅವನು ಗ್ಯಾರೇಜಿನ ಗುಂಡಿಯಲ್ಲಿ ನಿಂತು ತಲೆಯೆತ್ತಿ ನೋಡುತ್ತಿದ್ದ. ಮೇಲೆ ಗಾಡಿ ಇರಲಿಲ್ಲ. ಹತ್ತೊಂಬತ್ತು ವರ್ಷದಿಂದ ಅದೇ ಗುಂಡಿಯಲ್ಲಿ ನಿಂತಿದ್ದರೂ ಛಾವಣಿಯ ತಗಡಿನಲ್ಲಿ ಮೂರು ತೂತುಗಳಿವೆ ಎಂಬುದು ಅವನಿಗೆ ಗೊತ್ತಾದದ್ದು ಆ ದಿನವೇ.

ವಾಹನಗಳ ವಾರ್ಷಿಕ ತಪಾಸಣೆಯಲ್ಲಿ ಗಾಡಿಯ ತಳ ನೋಡುವುದು ಅವನ ಕೆಲಸ. ಒಂದು ಆಳುದ್ದದ ಗುಂಡಿ, ಕೈಯಲ್ಲೊಂದು ದೀಪ, ಒಂದು ಸಣ್ಣ ಸುತ್ತಿಗೆ. ಗಾಡಿ ತಲೆಯ ಮೇಲೆ ಬಂದು ನಿಂತರೆ ಒಂದೊಂದೇ ಭಾಗವನ್ನು ತಟ್ಟಿ ನೋಡಿ ‘ಸರಿ’ ಅಂತಲೋ ‘ಇಲ್ಲ’ ಅಂತಲೋ ಕೂಗುತ್ತಿದ್ದ. ಮೇಲೆ ಮೇಜಿನ ಮುಂದೆ ಕುಳಿತ ಭಾವಮೈದುನ ಬರೆದುಕೊಳ್ಳುತ್ತಿದ್ದ. ಗ್ಯಾರೇಜು ಭಾವಮೈದುನನದು. ಡ್ರೈವರುಗಳು ಇವನಿಗಿಟ್ಟ ಹೆಸರು ಪಾತಾಳಣ್ಣ. ಊರಿನ ಅರ್ಧ ಗಾಡಿಗಳ ಹೊಟ್ಟೆ ಅವನಿಗೆ ಚೆನ್ನಾಗಿ ಗೊತ್ತು. ಮುಖ ಮಾತ್ರ ಗೊತ್ತಿಲ್ಲ.

ಹಿಂದಿನ ವಾರ ಸರ್ಕಾರ ತಪಾಸಣೆಯ ಗಡುವನ್ನು ಆರು ತಿಂಗಳು ಮುಂದಕ್ಕೆ ಹಾಕಿತ್ತು. ಕೇಂದ್ರಗಳು ಕಡಿಮೆ, ಸಾಲು ಉದ್ದ ಎಂಬುದು ಕೊಟ್ಟ ಕಾರಣ. ಡ್ರೈವರುಗಳಿಗೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುವಂತಾಯಿತು. ಗ್ಯಾರೇಜಿಗೆ ಮಾತ್ರ ಬೀಗ ಹಾಕದೆಯೇ ಬೀಗ ಬಿದ್ದಂತಾಯಿತು. ತಪಾಸಣೆಯಲ್ಲಿ ಫೇಲಾದರೆ ತಾನೇ ರಿಪೇರಿ? ತಪಾಸಣೆಯೇ ಇಲ್ಲದ ಮೇಲೆ ಕೆಟ್ಟದ್ದು ಯಾವುದು, ನೆಟ್ಟಗಿದ್ದದ್ದು ಯಾವುದು?

“ಭಾವ, ಮೇಲೆ ಬನ್ನಿ,” ಭಾವಮೈದುನ ಮೇಜಿನಿಂದಲೇ ಕರೆದ. “ಖಾಲಿ ಗುಂಡೀಲಿ ನಿಂತು ಯಾರನ್ನ ಪಾಸು ಮಾಡ್ತಿದೀರಿ? ಆಕಾಶನಾ?”

ಪಾತಾಳಣ್ಣ ಮೇಲೆ ಬಂದ. ಬಂದವನು ಕುಳಿತುಕೊಳ್ಳಲಿಲ್ಲ. “ಹೋದ ವರ್ಷ ಈ ತಿಂಗಳಿನ ಪುಸ್ತಕ ಕೊಡು,” ಎಂದ.

ಅವನ ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದು ವ್ಯಾನು. ಹಿಂದಿನ ಎಡ ಚಕ್ರಕ್ಕೆ ಹೋಗುವ ಬ್ರೇಕ್ ಪೈಪು, ಕ್ಲಿಪ್ಪು ಹಿಡಿದ ಜಾಗದಲ್ಲಿ ತುಕ್ಕು ಹಿಡಿದಿತ್ತು. ಉಗುರಿನಿಂದ ಕೆರೆದಾಗ ಹೊಪ್ಪಳೆ ಎದ್ದಿತ್ತು, ಆದರೆ ಒಳಗಿನ ಲೋಹ ಗಟ್ಟಿಯಾಗಿತ್ತು. ಫೇಲು ಮಾಡುವಷ್ಟಿರಲಿಲ್ಲ. ಅವನು ಕೆಳಗಿನಿಂದ “ಸದ್ಯಕ್ಕೆ ಸರಿ” ಎಂದು ಕೂಗಿದ್ದ. ಭಾವಮೈದುನ ‘ಸರಿ’ ಎಂದಷ್ಟೇ ಬರೆದಿದ್ದ; ನಮೂನೆಯಲ್ಲಿ ‘ಸದ್ಯಕ್ಕೆ’ ಎನ್ನುವುದಕ್ಕೆ ಜಾಗವೇ ಇರಲಿಲ್ಲ. ಅದೇನೂ ತಪ್ಪಾಗಿ ಕಂಡಿರಲಿಲ್ಲ. ವರ್ಷ ಕಳೆದರೆ ಗಾಡಿ ಮತ್ತೆ ತಲೆಯ ಮೇಲೆ ಬಂದೇ ಬರುತ್ತದೆ, ಆಗ ಪೈಪು ಬದಲಾಯಿಸಿದರಾಯಿತು. ಹನ್ನೆರಡು ತಿಂಗಳ ತುಕ್ಕು ಎಷ್ಟು ದೂರ ಹೋಗುತ್ತದೆ ಎಂಬ ಅಂದಾಜು ಅವನಿಗಿತ್ತು. ಹದಿನೆಂಟು ತಿಂಗಳದ್ದು ಇರಲಿಲ್ಲ. ಹೊಪ್ಪಳೆ ಒಮ್ಮೆ ಎದ್ದಮೇಲೆ ಅದರಡಿ ನೀರು ನಿಲ್ಲುತ್ತದೆ. ಆಮೇಲೆ ತುಕ್ಕು ನಡೆಯುವುದಿಲ್ಲ, ಓಡುತ್ತದೆ.

ಪುಸ್ತಕದಲ್ಲಿ ಆ ತಿಂಗಳು ಪಾಸಾದ ವ್ಯಾನುಗಳು ಇಪ್ಪತ್ತಾರು. ನಂಬರುಗಳಿದ್ದವು, ಫೋನಿರಲಿಲ್ಲ. ಎಲ್ಲದರ ಮುಂದೆಯೂ ಒಂದೇ ಮಾತು: ಸರಿ. ಅವನಿಗೆ ನೆನಪಿದ್ದ ಗುರುತು ಕೆಳಗಿನದು. ನೆಲದ ತಗಡಿಗೆ ಹಾಕಿದ ಚೌಕ ತೇಪೆ, ಅದಕ್ಕೆ ಆರು ರಿವೆಟ್ಟು, ಏಳನೆಯ ಜಾಗದಲ್ಲಿ ಒಂದು ಬೋಲ್ಟು. ತೇಪೆಯ ಸಂದಿಯಿಂದ ಬಿಳಿ ಪುಡಿ ಉದುರಿ ಅವನ ಕನ್ನಡಕ, ಟೋಪಿಯೆಲ್ಲ ಬೆಳ್ಳಗಾಗಿತ್ತು. ಮೈದಾ ಹಿಟ್ಟು ಎಂದುಕೊಂಡಿದ್ದ. ಆದ್ದರಿಂದ ಬೇಕರಿ ಗಾಡಿಯೇ ಇರಬೇಕು.

“ಹೋಗೋದು ಹೋಗ್ತೀರಿ, ಬರುವಾಗ ಒಂದೆರಡು ಗಿರಾಕಿ ಹಿಡ್ಕೊಂಡು ಬನ್ನಿ ಭಾವ,” ಎಂದ ಭಾವಮೈದುನ. ಅದು ಅರ್ಧ ತಮಾಷೆ, ಅರ್ಧ ನಿಜ.

ಎಂಟು ದಿನ ಅವನು ಬೇಕರಿಗಳ ಹಿಂಬದಿಯ ಬೀದಿಗಳಲ್ಲಿ ಸುತ್ತಿದ. ನಿಂತ ವ್ಯಾನು ಕಂಡರೆ ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ಅಡಿಗೆ ಇಣುಕುತ್ತಿದ್ದ. ಒಬ್ಬಳು ಹೆಂಗಸು, “ಏನು ಕಳಕೊಂಡ್ರಿ ಅಣ್ಣಾ?” ಎಂದು ತಾನೂ ಬಗ್ಗಿ ಹುಡುಕತೊಡಗಿದಳು. ಬ್ರೆಡ್ಡಿನ ಕ್ರೇಟು ಹೊತ್ತಿದ್ದವನೊಬ್ಬ, “ಟೈರು ಕದಿಯೋಕೆ ಹಗಲು ಹೊತ್ತಲ್ಲೇ ಬಂದಿದೀಯಲ್ಲ, ಧೈರ್ಯ ಮೆಚ್ಚಬೇಕು,” ಎಂದ. ಪುಸ್ತಕದಿಂದ ಬರೆದುಕೊಂಡ ಪಟ್ಟಿಯಲ್ಲಿ ಒಂಬತ್ತು ನಂಬರುಗಳಿಗೆ ಗೀಟು ಬಿತ್ತು. ಬೋಲ್ಟು ಸಿಗಲಿಲ್ಲ. ರಸ್ತೆಯಲ್ಲಿ ಯಾವ ಗಾಡಿ ಬ್ರೇಕು ಹಾಕಿದರೂ ಅವನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು.

ಮನೆಯಲ್ಲೂ ಅದೇ ಪಾಡು. ಊಟಕ್ಕೆ ಕುಳಿತಾಗ ಹೆಂಡತಿ ಎಂದಳು, “ರೀ, ಆ ಕಾಲು ಅಲ್ಲಾಡಿಸೋದು ನಿಲ್ಲಿಸಿ. ತಟ್ಟೆ ಕುಣೀತಿದೆ.”

“ಬೇಕರಿ ಎಲ್ಲಾ ಮುಗೀತು. ಅದು ಸಿಗ್ತಿಲ್ಲ.”

“ಬೇಕರೀನೇ ಅಂತ ನಿಮಗೆ ಹೇಳಿದೋರು ಯಾರು?”

“ಹಿಟ್ಟು ಬಿತ್ತಲ್ಲ ಮೈಮೇಲೆ. ಆ ಟೋಪಿ ನೀನೇ ಒಗೆದಿದ್ದೆ.”

ಹೆಂಡತಿ ಎದ್ದು ಹೋಗಿ ಮೊಳೆಗೆ ನೇತುಹಾಕಿದ್ದ ಹಳೆಯ ಟೋಪಿಯನ್ನು ತಂದು ಅವನ ಮುಂದೆ ಹಿಡಿದಳು. ಅಂಚಿನಲ್ಲಿ ಬಿಳಿಯ ಗಟ್ಟಿ ಚುಕ್ಕೆಗಳು ಇನ್ನೂ ಇದ್ದವು. “ಮೂರು ಸಲ ಉಜ್ಜಿದೀನಿ, ಹೋಗಿಲ್ಲ. ಹಿಟ್ಟಾಗಿದ್ರೆ ನೆನೆದು ಅಂಟಾಗ್ತಿತ್ತು, ಇಲ್ಲಾ ಇರುವೆ ತಿಂತಿತ್ತು. ಇದು ನೀರು ತಾಗಿದ್ದೇ ಕಲ್ಲಾಗಿದೆ. ಗಾಡಿ ಹೊಟ್ಟೆ ಎಲ್ಲಾ ಗೊತ್ತು ನಿಮಗೆ, ಹಿಟ್ಟು ಯಾವುದು, ಛಾವಣಿಗೆ ಹಾಕೋ ಪ್ಲಾಸ್ಟರ್ ಪುಡಿ ಯಾವುದು ಅಂತ ಗೊತ್ತಿಲ್ಲ.”

ಅವನು ಚುಕ್ಕೆಯನ್ನು ಉಗುರಿನಿಂದ ಗೀರಿದ. ಪುಡಿಯಾಯಿತು, ಅಂಟಲಿಲ್ಲ. ಎಂಟು ದಿನ ನೀರಿನಲ್ಲಿ ಹೋಮ. ಆ ಎಂಟು ದಿನ ಪೈಪು ಸುಮ್ಮನಿದ್ದೀತೇ? ಅರ್ಧ ಊಟಕ್ಕೇ ಕೈ ತೊಳೆದ.

ಪ್ಲಾಸ್ಟರು, ಸಿಮೆಂಟು, ಬಣ್ಣ ಮಾರುವ ಅಂಗಡಿಗಳು ಒಂದೇ ಬೀದಿಯಲ್ಲಿದ್ದವು. ಮರುದಿನ ಹನ್ನೊಂದು ಗಂಟೆಯ ಹೊತ್ತಿಗೆ ಮೂರನೆಯ ಅಂಗಡಿಯ ಮುಂದೆ, ಇಳಿಜಾರಿನಲ್ಲಿ ನಿಂತಿದ್ದ ವ್ಯಾನಿನ ಅಡಿಯಲ್ಲಿ ಆರು ರಿವೆಟ್ಟು, ಒಂದು ಬೋಲ್ಟು ಕಂಡವು.

ಮೂಟೆ ಹೇರಿಸುತ್ತಿದ್ದ ಡ್ರೈವರನಿಗೆ ವಿಷಯವನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಡ್ರೈವರು ಅವನನ್ನು ಮೇಲಿಂದ ಕೆಳಕ್ಕೆ ನೋಡಿದ.

“ಗ್ಯಾರೇಜಲ್ಲಿ ನೊಣ ಹೊಡೀತಿದೀರಿ ಅಂತ ಬೀದಿಗಿಳಿದು ಗಿರಾಕಿ ಹಿಡಿಯೋಕೆ ಶುರು ಮಾಡಿದ್ರಾ?”

“ನಮ್ಮ ಗ್ಯಾರೇಜಿಗೆ ಬರಬೇಡಿ. ಎಲ್ಲಿ ಬೇಕಾದ್ರೂ ಮಾಡಿಸಿ.”

“ಸ್ವಾಮಿ, ತಪಾಸಣೆ ಅಂದ್ರೆ ನನಗೆ ಒಂದು ದಿನದ ದುಡಿಮೆ ಹಾಳು. ಸಾಲಲ್ಲಿ ನಿಂತು ನಿಂತು ಕಾಲು ಬಾತುಕೊಳ್ಳುತ್ತೆ. ಹೋದ ಸಲ ಪಾಸಾಗಿದೆ. ಸರ್ಕಾರ ಆರು ತಿಂಗಳು ಕೊಟ್ಟಿದೆ. ನಡುವೆ ನಿಮ್ಮದೇನು?”

“ಅರ್ಧ ನಿಮಿಷ. ಬ್ರೇಕು ಜೋರಾಗಿ ಒತ್ತಿ ಹಿಡ್ಕೊಳ್ಳಿ, ಅಷ್ಟೇ. ನಾನು ಅಡೀಲಿ ನೋಡ್ತೀನಿ. ಏನೂ ಇಲ್ಲದಿದ್ರೆ ನನ್ನ ದಾರಿ ನನಗೆ.”

ಪೀಡೆ ತೊಲಗಿದರೆ ಸಾಕೆಂದು ಡ್ರೈವರು ಹತ್ತಿ ಕುಳಿತ. ಪಾತಾಳಣ್ಣ ಹ್ಯಾಂಡ್ ಬ್ರೇಕು ಹಾಕಿಸಿ, ನಾಲ್ಕು ಗಾಲಿಗೂ ಇಟ್ಟಿಗೆ ಒತ್ತಿ, ಬೆನ್ನ ಮೇಲೆ ಜಾರಿಕೊಂಡು ಅಡಿಗೆ ಹೋದ. ಎಂಜಿನ್ ಶುರುವಾಯಿತು.

“ಒತ್ತಿ.”

“ಒತ್ತಿದೀನಿ,” ಎಂದು ಮೇಲಿನಿಂದ ದನಿ ಬಂತು. ಬೀದಿಯಲ್ಲಿ ನಿಂತಿದ್ದಾಗ ಅಪರಿಚಿತನಾಗಿದ್ದವನು ಈಗ ಪರಿಚಿತನಾದ. ಕೆಳಗಿನಿಂದ ಕೇಳಿದರೆ, ಹೋದ ವರ್ಷ ಗುಂಡಿಯಲ್ಲಿ ಕೇಳಿದ್ದ ಅದೇ ದನಿ. “ಇನ್ನೂ ಒತ್ತಿ,” ಎಂದ ಪಾತಾಳಣ್ಣ.

ಮೇಲಿನಿಂದ ಪ್ರಶ್ನೆ ಬಂತು, “ನೀವು ಆ ಗುಂಡಿಯೋರಾ?”

“ಹೂಂ. ಬಿಡಬೇಡಿ, ಒತ್ತಿ.”

ಕ್ಲಿಪ್ಪಿನ ಪಕ್ಕದಲ್ಲಿ ತುಕ್ಕು ಮೊದಲು ಒದ್ದೆಯಾಯಿತು. ಬಳಿಕ ಬ್ರೇಕ್ ಎಣ್ಣೆಯ ಒಂದು ಹನಿ ಕೂಡಿತು, ಬಿದ್ದಿತು. ಅದರ ಹಿಂದೆಯೇ ಇನ್ನೊಂದು. ಕೊನೆಗೆ ಹನಿಯಾಗಿ ಉಳಿಯದೆ ಸಣ್ಣ ಎಳೆಯಾಗಿ ಚಿಮ್ಮಿ ಅವನ ತೋಳಿಗೆ ಬಡಿಯಿತು. ಮೇಲೆ ಡ್ರೈವರನ ಕಾಲಡಿಯ ಪೆಡಲು ಪೂರ್ತಿ ಒಳಕ್ಕೆ ಹೋಗಿ ನೆಲಕ್ಕೆ ಕುಟ್ಟಿದ ಸದ್ದು ಕೇಳಿಸಿತು.

ಡ್ರೈವರು ಇಳಿದು ಬಂದು ಬಗ್ಗಿ ನೋಡಿದ. ಇಳಿಜಾರಿನ ಕೊನೆಯಲ್ಲಿ ಬಸ್ಸಿಗಾಗಿ ಜನ ನಿಂತಿದ್ದರು. ಅವನು ಆ ಕಡೆಯೂ ಒಮ್ಮೆ ನೋಡಿದ. ಮೂಟೆಗಳನ್ನು ವಾಪಸ್ಸು ಇಳಿಸಲು ಹೇಳಿ, ಬಿಡಿಭಾಗದ ಅಂಗಡಿಗೆ ಫೋನು ಮಾಡಿದ. ಪೈಪು ಬರಲು ಒಂದು ಗಂಟೆ ಹಿಡಿಯುತ್ತಿತ್ತು. ಇಬ್ಬರೂ ಫುಟ್‌ಪಾತಿನ ಅಂಚಿನಲ್ಲಿ ಕುಳಿತರು. ಪಾತಾಳಣ್ಣ ಚಿಂದಿಯಿಂದ ತೋಳನ್ನು ಒರೆಸಿಕೊಳ್ಳುತ್ತಲೇ ಇದ್ದ. ಎಣ್ಣೆ ಹೋಗಿತ್ತು, ಕೈ ನಿಲ್ಲಲಿಲ್ಲ.

“ಪಾಸು ಮಾಡಿದ್ದೂ ನೀವೇ, ಹುಡುಕಿಕೊಂಡು ಬಂದಿದ್ದೂ ನೀವೇ,” ಎಂದ ಡ್ರೈವರು. “ಬೈಬೇಕೋ ಕೈ ಮುಗಿಬೇಕೋ ತಿಳೀತಿಲ್ಲ.”

“ಎರಡೂ ಮಾಡಿ.”

ಡ್ರೈವರು ನಗಲು ಹೋಗಿ ನಿಲ್ಲಿಸಿದ. ಎದುರಿನ ರಸ್ತೆಯಲ್ಲಿ ಗಾಡಿಗಳು ಇಳಿಜಾರನ್ನು ಒಂದರ ಹಿಂದೊಂದು ಇಳಿಯುತ್ತಿದ್ದವು. ಪ್ರತಿ ಗಾಡಿ ಬ್ರೇಕು ಹಾಕಿದಾಗಲೂ ಪಕ್ಕದವನ ಬಲಗಾಲು ನೆಲ ಒತ್ತುವುದನ್ನು ಅವನು ಸ್ವಲ್ಪ ಹೊತ್ತು ನೋಡುತ್ತಾ ಕುಳಿತ.

“ಹೀಗೆ ಸದ್ಯಕ್ಕೆ ಸರಿ ಅಂದ ಗಾಡಿ ಇನ್ನೆಷ್ಟಿವೆ?”

ಪಾತಾಳಣ್ಣ ಅದನ್ನು ಈಗಾಗಲೇ ಎಣಿಸಿದ್ದ. ತೇಪೆಯಿಂದ ತೇಪೆಗೆ, ಬೋಲ್ಟಿನಿಂದ ಬೋಲ್ಟಿಗೆ, ತಿಂಗಳಿಂದ ತಿಂಗಳಿಗೆ ಎಣಿಸಿದ್ದ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

“ಬ್ರೇಕಿನದ್ದು ಮಾತ್ರವಾ?” ಎಂದು ಕೇಳಿದ.

“ಬ್ರೇಕಿನದ್ದೇ.”

“ನಲವತ್ತಮೂರು.”